ಚಾರ್ಟಿನಲ್ಲಿದ್ದ ಇಪ್ಪತ್ತು

ಕೋಲಾರದ ಒಂದು ಆಸ್ಪತ್ರೆಯಲ್ಲಿ ನಾನು ದಾದಿಯಾಗಿ ಕೆಲಸಕ್ಕೆ ಸೇರಿ ಮೂರನೆಯ ವರ್ಷ ನಡೆಯುತ್ತಿದ್ದಾಗ ಪುರುಷರ ವಾರ್ಡಿನಲ್ಲಿ ಬರೆದ ಒಂದು ರಾತ್ರಿಯ ಚಾರ್ಟು ಇಂದಿಗೂ ನನ್ನ ಕಣ್ಣ ಮುಂದಿದೆ. ಮುಳಬಾಗಿಲು ಕಡೆಯ ಐವತ್ತು ದಾಟಿದ ರೈತರೊಬ್ಬರು ನಾಲ್ಕು ದಿನದ ಜ್ವರ, ಕೆಮ್ಮು, ಮೈಕೈ ನೋವೆಂದು ದಾಖಲಾಗಿದ್ದರು. ರಾತ್ರಿ ಹತ್ತಕ್ಕೆ ಉಸಿರಾಟದ ಗತಿ 20, ಎರಡಕ್ಕೆ 20, ಬೆಳಗಿನ ಆರಕ್ಕೆ 20 ಎಂದು ಆ ಚಾರ್ಟಿನಲ್ಲಿತ್ತು. ಮೂರೂ ನನ್ನ ಕೈಬರಹ. ಏಳೂವರೆಗೆ ಪಾಳಿ ವಹಿಸಿಕೊಳ್ಳಲು ಬಂದ ಹಿರಿಯ ಸಿಸ್ಟರ್ ಮಂಚದ ಪಕ್ಕ ನಿಂತು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ, 36 ಎಂದು ಬರೆದು, ನನ್ನನ್ನು ಏನೂ ಕೇಳದೆ ನೇರವಾಗಿ ವೈದ್ಯರಿಗೆ ಕರೆ ಮಾಡಿದರು. ಮಧ್ಯಾಹ್ನದೊಳಗೆ ಆ ರೋಗಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಸೇರಿಸಬೇಕಾಯಿತು.

ಆ ರಾತ್ರಿ ನಾವು ಇಬ್ಬರೇ ಇದ್ದೆವು, ವಾರ್ಡಿನಲ್ಲಿ ನಲವತ್ತರ ಹತ್ತಿರ ರೋಗಿಗಳಿದ್ದರು ಎಂಬುದು ನಿಜ. ಆದರೆ ಜ್ವರವನ್ನು ನಾನು ಥರ್ಮಾಮೀಟರ್ ಇಟ್ಟೇ ನೋಡಿದ್ದೆ, ರಕ್ತದೊತ್ತಡವನ್ನು ಪಟ್ಟಿ ಸುತ್ತಿಯೇ ಅಳೆದಿದ್ದೆ, ಉಸಿರನ್ನು ಮಾತ್ರ ಎಣಿಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಉಳಿದವುಗಳಿಗೆ ಒಂದೊಂದು ಉಪಕರಣವಿದೆ, ಅದು ತೋರಿಸಿದ್ದನ್ನು ಬರೆದರೆ ಸಾಕು. ಉಸಿರಿಗೆ ಬೇಕಾದದ್ದು ಒಂದು ಗಡಿಯಾರ ಮತ್ತು ರೋಗಿಯ ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಅರವತ್ತು ಸೆಕೆಂಡು. ಆ ಅರವತ್ತು ಸೆಕೆಂಡನ್ನು ಉಳಿಸಲು ಹೋಗಿ ಎಷ್ಟೋ ವಾರ್ಡುಗಳ ಎಷ್ಟೋ ಚಾರ್ಟುಗಳಲ್ಲಿ ಇಪ್ಪತ್ತು ಎಂಬ ಸಂಖ್ಯೆ ಸಾಲುಸಾಲಾಗಿ ನಿಂತಿರುವುದನ್ನು ಆಮೇಲೆ ಕಂಡಿದ್ದೇನೆ. ಈಗ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತ, ಶುಶ್ರೂಷಾ ವಿದ್ಯಾರ್ಥಿಗಳಿಗೆ ಮಂಚದ ಬಳಿಯೇ ಪಾಠ ಹೇಳುತ್ತೇನೆ. ಉಸಿರಾಟದ ತೀವ್ರ ತೊಂದರೆ ಇರುವ ರೋಗಿಗೆ ಆರೈಕೆ ಯೋಜನೆ ಹೇಗೆ ಬರೆಯಬೇಕು ಎಂದು ಅವರು ಕೇಳಿದಾಗಲೆಲ್ಲ ಮೊದಲು ಈ ಚಾರ್ಟಿನ ಕಥೆಯನ್ನೇ ಹೇಳುತ್ತೇನೆ. ಆ ಮೂರು ಇಪ್ಪತ್ತುಗಳ ಮೇಲೆ ಯಾವ ಯೋಜನೆ ಕಟ್ಟಿದ್ದರೂ ಅದು ಬೇರೆ ಯಾರೋ ರೋಗಿಯ ಯೋಜನೆಯಾಗುತ್ತಿತ್ತು.

ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಶ್ವಾಸಕೋಶ ಕೆಡತೊಡಗಿದ ಕೂಡಲೇ ದೇಹವು ಈ ಗತಿಯನ್ನು ಏರಿಸುತ್ತದೆ, ಮತ್ತು ಆ ಹೆಚ್ಚುವರಿ ದುಡಿಮೆಯ ಬಲದಿಂದಲೇ ರಕ್ತದಲ್ಲಿನ ಆಮ್ಲಜನಕ ಕೆಲವು ಗಂಟೆಗಳ ಕಾಲ ಸರಿಯಾಗಿ ಉಳಿಯುತ್ತದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 95 ಎಂದು ತೋರಿಸುತ್ತಲೇ ಇರುತ್ತದೆ. ಅಷ್ಟನ್ನು ಉಳಿಸಿಕೊಳ್ಳಲು ರೋಗಿ ಎಷ್ಟು ಬೆಲೆ ತೆರುತ್ತಿದ್ದಾರೆ ಎಂಬುದನ್ನು ಅದು ತೋರಿಸುವುದಿಲ್ಲ. ದುಡಿದು ದುಡಿದು ಎದೆಯ ಸ್ನಾಯುಗಳು ಸೋತಾಗ ಆಕ್ಸಿಮೀಟರ್ ತೋರಿಸುವ ಆಮ್ಲಜನಕದ ಪ್ರತಿಶತ, ಅಂದರೆ ಸ್ಯಾಚುರೇಷನ್, ಕುಸಿಯುತ್ತದೆ, ಆಗ ನಮ್ಮ ಕೈಯಲ್ಲಿ ಉಳಿಯುವ ಸಮಯ ಬಹಳ ಕಡಿಮೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದೂ ಬೇಡ, ಏಕೆಂದರೆ ಕಾಯಿಲೆಯವರ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪಿದಂತೆ. ಎಣಿಸುತ್ತಿರುವುದು ರೋಗಿಗೆ ತಿಳಿದರೆ ಅವರ ಉಸಿರು ತಾನಾಗಿ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದವರಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಎದೆಯನ್ನು ನೋಡಬೇಕು. ಮೊದಲೇ ಅಂಗಿಯ ಗುಂಡಿಗಳನ್ನು ತೆಗೆದಿರಬೇಕು, ಏಕೆಂದರೆ ಕತ್ತಿನ ಸ್ನಾಯುಗಳು ಎದ್ದು ನಿಂತಿವೆಯೇ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ, ಉಸಿರು ಒಳಕ್ಕೆ ಹೋಗುವಾಗ ಹೊಟ್ಟೆ ಉಬ್ಬುವ ಬದಲು ಕುಗ್ಗುತ್ತಿದೆಯೇ ಎಂಬುದೆಲ್ಲ ಅದೇ ಒಂದು ನಿಮಿಷದಲ್ಲಿ ಕಾಣುತ್ತದೆ.

ಕಿವಿಯೂ ಬೇಕು. ನಮ್ಮ ಸೀಮೆಯಲ್ಲಿ ಉಸಿರಾಟದ ತೊಂದರೆಗೆ ಒಂದೇ ಹೆಸರಿಲ್ಲ. ದಮ್ಮು, ಉಬ್ಬಸ, ಏದುಸಿರು, ಮೇಲುಸಿರು ಎಂದು ಕನ್ನಡದಲ್ಲಿ ಹೇಳುವವರ ಜೊತೆಗೆ, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯವರು ತೆಲುಗಿನಲ್ಲಿ 'ಆಯಾಸಂಗಾ ಉಂದಿ' ಎನ್ನುತ್ತಾರೆ. ಇದನ್ನು ಕೇಳಿದ ಹೊಸ ದಾದಿ ಅದನ್ನು ನಮ್ಮ ಕನ್ನಡದ ಆಯಾಸವೆಂದು ತಿಳಿದು 'ಸುಸ್ತು' ಎಂದು ಬರೆದುಬಿಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ. ಅವರು ಹೇಳುತ್ತಿರುವುದು ಬಹುಪಾಲು ಉಸಿರಿನ ಕಷ್ಟವನ್ನು. ಕೆಜಿಎಫ್‌ನಿಂದ ಬರುವ ಹಿರಿಯರು ತಮಿಳಿನಲ್ಲಿ 'ಮೂಚ್ಚು ವಾಂಗುದು' ಎನ್ನುತ್ತಾರೆ, ಮತ್ತು ಅದರ ಜೊತೆಗೆ ಇದು ಯಾವಾಗಲೂ ಇರುವುದೇ ಎಂದೂ ಸೇರಿಸುತ್ತಾರೆ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತಾದರೂ ಅಲ್ಲಿ ಕಲ್ಲು ಕೊರೆದವರ ಎದೆಯೊಳಗೆ ಸಿಲಿಕಾ ಧೂಳು ಇನ್ನೂ ಇದೆ. ಅಂಥವರ ವಿಷಯದಲ್ಲಿ 'ಯಾವಾಗಲೂ ಇರುವುದು' ಎಷ್ಟು, ಇವತ್ತು ಹೆಚ್ಚಾಗಿರುವುದು ಎಷ್ಟು ಎಂದು ಬಿಡಿಸಿ ಕೇಳಬೇಕು: ಕಳೆದ ವಾರ ಎಷ್ಟು ದೂರ ನಡೆಯುತ್ತಿದ್ದಿರಿ, ನಿನ್ನೆ ರಾತ್ರಿ ಎಷ್ಟು ದಿಂಬು ಇಟ್ಟುಕೊಂಡಿರಿ, ಇವತ್ತು ಬಚ್ಚಲಿಗೆ ಹೋಗಿ ಬರಲು ಆಯಿತೇ. ನಾನು ಎಲ್ಲರಿಗೂ ಮನೆಯಲ್ಲಿರುವವರ ಹೆಸರುಗಳನ್ನು ಒಂದೇ ಸಮನೆ ಹೇಳಲು ಕೇಳುತ್ತೇನೆ. ಎರಡು ಹೆಸರಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾದವರನ್ನು ದಾದಿಯರ ಮೇಜಿನಿಂದ ದೂರದ ಮಂಚಕ್ಕೆ ಹಾಕಿಸುವುದಿಲ್ಲ.

ಉಸಿರಾಟದ ಈ ತೀವ್ರ ತೊಂದರೆಯನ್ನು, ಅಂದರೆ ನಾವು ವಾರ್ಡಿನಲ್ಲಿ ಎಆರ್‌ಡಿಎಸ್ ಎಂದು ಕರೆಯುವ ಸ್ಥಿತಿಯನ್ನು, 1967ರಲ್ಲಿ ಅಮೆರಿಕದ ಡೆನ್ವರ್‌ನ ಆ್ಯಶ್‌ಬಾ, ಪೆಟಿ ಮತ್ತು ಅವರ ಸಂಗಡಿಗರು ಹನ್ನೆರಡು ರೋಗಿಗಳ ವಿವರಗಳೊಂದಿಗೆ ಮೊದಲು ವರ್ಣಿಸಿದರು. ಒಬ್ಬೊಬ್ಬರಿಗೆ ಒಂದೊಂದು ಕಾರಣವಿದ್ದರೂ ಶ್ವಾಸಕೋಶಗಳ ಪಾಡು ಒಂದೇ ಆಗಿತ್ತು. ಗಾಳಿಗೂಡುಗಳ ಸುತ್ತಲಿನ ಲೋಮನಾಳಗಳು ಸೋರಿ, ಗೂಡುಗಳೊಳಗೆ ಪ್ರೋಟೀನ್ ತುಂಬಿದ ನೀರು ಇಳಿದು, ಅವು ತೆರೆದುಕೊಂಡಿರಲು ಬೇಕಾದ ಸರ್ಫ್ಯಾಕ್ಟಂಟ್ ಕೆಟ್ಟು, ಗೂಡುಗಳು ಒಂದೊಂದಾಗಿ ಕುಸಿಯುತ್ತವೆ. ರಕ್ತವು ಆ ಕುಸಿದ ಗೂಡುಗಳ ಪಕ್ಕದಲ್ಲೇ ಹರಿದುಹೋದರೂ ಅಲ್ಲಿ ಅದಕ್ಕೆ ಆಮ್ಲಜನಕ ಸಿಗುವುದಿಲ್ಲ. ಆದ್ದರಿಂದಲೇ ಈ ರೋಗಿಗಳಿಗೆ ಮಾಸ್ಕಿನ ಆಮ್ಲಜನಕವನ್ನು ಎಷ್ಟು ಹೆಚ್ಚಿಸಿದರೂ ಒಂದು ಮಿತಿಯ ಮೇಲೆ ಪ್ರಯೋಜನವಾಗುವುದಿಲ್ಲ. 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ ಕಾಯಿಲೆ ಶುರುವಾದ ಒಂದು ವಾರದೊಳಗೆ ಇದು ಕಾಣಿಸಿಕೊಂಡಿರಬೇಕು, ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ ಛಾಯೆ ಇರಬೇಕು, ಅದಕ್ಕೆ ಹೃದಯದ ಸೋಲು ಅಥವಾ ನೀರು ಹೆಚ್ಚಾಗಿರುವುದಷ್ಟೇ ಕಾರಣವಾಗಿರಬಾರದು, ಮತ್ತು ಅಪಧಮನಿಯ ರಕ್ತದ ಆಮ್ಲಜನಕದ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಭಾಗದಿಂದ ಭಾಗಿಸಿದರೆ 300 ಅಥವಾ ಅದಕ್ಕಿಂತ ಕಡಿಮೆ ಬರಬೇಕು. 60 ಪ್ರತಿಶತ ಆಮ್ಲಜನಕ ಕೊಟ್ಟಾಗಲೂ ಒತ್ತಡ 60 ಮಾತ್ರ ಇದ್ದರೆ 60ನ್ನು 0.6ರಿಂದ ಭಾಗಿಸಿ 100 ಎಂದಾಗುತ್ತದೆ, ಅದು ಅತಿ ತೀವ್ರ ಹಂತ.

ರಾತ್ರಿ ಎರಡು ಗಂಟೆಗೆ ಈ ಒತ್ತಡವನ್ನು ಅಳೆಯುವ ರಕ್ತದ ಅನಿಲ ಪರೀಕ್ಷೆ ಸಿಗದ ತಾಲ್ಲೂಕು ಆಸ್ಪತ್ರೆಯ ದಾದಿ ಏನು ಮಾಡಬೇಕು? 2023ರಲ್ಲಿ ಪ್ರಕಟವಾದ ಹೊಸ ಜಾಗತಿಕ ವ್ಯಾಖ್ಯೆ ಇದಕ್ಕೆ ದಾರಿ ಕೊಟ್ಟಿದೆ: ಸ್ಯಾಚುರೇಷನ್ 97 ಅಥವಾ ಅದಕ್ಕಿಂತ ಕಡಿಮೆ ಇರುವಾಗ ಅದನ್ನೇ ಆಮ್ಲಜನಕದ ಭಾಗದಿಂದ ಭಾಗಿಸಿ 315 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇದು ಆಕ್ಸಿಮೀಟರ್ ಮತ್ತು ಒಂದು ತುಂಡು ಕಾಗದ ಇರುವ ಯಾವ ದಾದಿಯೂ ಮಾಡಬಹುದಾದ ಲೆಕ್ಕ. ರೋಗನಿರ್ಣಯ ವೈದ್ಯರದ್ದೇ, ಆದರೆ 'ರೋಗಿಗೆ ಸ್ವಲ್ಪ ಹೆಚ್ಚಾಗಿದೆ ಸರ್' ಎನ್ನುವ ಕರೆಗೂ, '60 ಪ್ರತಿಶತದಲ್ಲಿ ಸ್ಯಾಚುರೇಷನ್ 90, ಅನುಪಾತ 150, ಉಸಿರು 36' ಎನ್ನುವ ಕರೆಗೂ ಫೋನಿನ ಆ ಕಡೆಯಲ್ಲಿ ಸಿಗುವ ಉತ್ತರ ಬೇರೆಯಾಗಿರುತ್ತದೆ.

ಇನ್ನು ಯೋಜನೆಯ ಬರವಣಿಗೆ. ವಿದ್ಯಾರ್ಥಿಗಳು ಮಾರ್ಗದರ್ಶಿಯಿಂದ ಎತ್ತಿಕೊಂಡು ಬರೆಯುವ ಯೋಜನೆಗಳಲ್ಲಿ 'ಅನಿಲ ವಿನಿಮಯದಲ್ಲಿ ಅಡಚಣೆ' ಎಂಬ ಸಮಸ್ಯೆ, 'ಉಸಿರಾಟ ಸುಧಾರಿಸುವುದು' ಎಂಬ ಗುರಿ, 'ಆಮ್ಲಜನಕ ಕೊಡಲಾಯಿತು' ಎಂಬ ಕ್ರಮ, 'ಸುಧಾರಿಸಿದೆ' ಎಂಬ ಮೌಲ್ಯಮಾಪನ ಇರುತ್ತವೆ. ಹೆಸರು ಬದಲಾಯಿಸಿದರೆ ಇದು ಯಾವ ಮಂಚಕ್ಕಾದರೂ ಹೊಂದುತ್ತದೆ, ಮತ್ತು ಆ ಕಾರಣಕ್ಕೇ ಯಾವ ಮಂಚಕ್ಕೂ ಪ್ರಯೋಜನವಿಲ್ಲ. ಯೋಜನೆಯನ್ನು ಓದುವವರು ಪರೀಕ್ಷಕರಲ್ಲ, ಪರಿಶೀಲನೆಗೆ ಬರುವ ಅಧಿಕಾರಿಗಳೂ ಅಲ್ಲ. ಎಂಟು ಗಂಟೆಯ ನಂತರ ನಿಮ್ಮ ಜಾಗದಲ್ಲಿ ನಿಲ್ಲುವ ದಾದಿ. ಅವರಿಗೆ ಬೇಕಾದದ್ದು ಹೀಗಿರುತ್ತದೆ: ನ್ಯುಮೋನಿಯಾದಿಂದ ಎರಡೂ ಶ್ವಾಸಕೋಶಗಳು ತೊಂದರೆಗೊಳಗಾಗಿವೆ, ಚೀಲವಿರುವ ಮಾಸ್ಕಿನಲ್ಲಿ 15 ಲೀಟರ್ ಕೊಟ್ಟಾಗ ಸ್ಯಾಚುರೇಷನ್ 91, ಉಸಿರು 34, ಕತ್ತಿನ ಸ್ನಾಯುಗಳ ಬಳಕೆ ಇದೆ, ಎರಡು ಗಂಟೆಯೊಳಗೆ ಸ್ಯಾಚುರೇಷನ್ 92ರಿಂದ 96ರ ನಡುವೆ, ಉಸಿರು 30ರ ಒಳಗೆ ಬರಬೇಕು, ಹದಿನೈದು ನಿಮಿಷಕ್ಕೊಮ್ಮೆ ಎಣಿಸಬೇಕು, ಉಸಿರು 35 ದಾಟಿದರೆ, ಸ್ಯಾಚುರೇಷನ್ 88ಕ್ಕಿಂತ ಇಳಿದರೆ, ರೋಗಿ ತಡವರಿಸಿ ಮಾತನಾಡಿದರೆ ಅಥವಾ ಮಾಸ್ಕನ್ನು ಕಿತ್ತೆಸೆಯತೊಡಗಿದರೆ ತಕ್ಷಣ ಕರ್ತವ್ಯದ ವೈದ್ಯರನ್ನು ಕರೆಯಬೇಕು. ಗುರಿಯ ಸಂಖ್ಯೆಗಳನ್ನು ವೈದ್ಯರೊಂದಿಗೆ ಮಾತನಾಡಿಯೇ ಇಡಬೇಕು. ಬಹಳ ವರ್ಷ ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು. ಕೊನೆಯಲ್ಲಿ ಹೇಳಿದ ಮಾಸ್ಕ್ ಕೀಳುವ ವಿಷಯವನ್ನು ಹಲವರು ಹಟವೆಂದು ತಿಳಿದು ಕೈ ಕಟ್ಟುತ್ತಾರೆ. ಮೆದುಳಿಗೆ ಆಮ್ಲಜನಕ ಸಾಲದೆ ಹೋದಾಗ ಮನುಷ್ಯ ಮೊದಮೊದಲು ಮಾಡುವುದರಲ್ಲಿ ಅದೂ ಒಂದು. ಕೈ ಕಟ್ಟುವ ಮೊದಲು ಉಸಿರು ಎಣಿಸಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಎಣಿಕೆ ಸುಳ್ಳಾದರೆ ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಮೂಗಿನ ಮೂಲಕ ವೇಗವಾಗಿ ಆಮ್ಲಜನಕ ಕೊಡುವ ಹೈ ಫ್ಲೋ ಯಂತ್ರಗಳು ಈಗ ನಮ್ಮ ಜಿಲ್ಲೆಗಳಿಗೂ ಬಂದಿವೆ. ಆ ಯಂತ್ರದಲ್ಲಿರುವ ರೋಗಿಗೆ ಅದು ಸಾಕಾಗುತ್ತದೆಯೇ ಎಂದು ಅಂದಾಜಿಸಲು ರಾಕ್ಸ್ ಸೂಚ್ಯಂಕ ಬಳಸುತ್ತಾರೆ: ಸ್ಯಾಚುರೇಷನ್ ಅನ್ನು ಆಮ್ಲಜನಕದ ಭಾಗದಿಂದ ಭಾಗಿಸಿ, ಬಂದದ್ದನ್ನು ಉಸಿರಿನ ಗತಿಯಿಂದ ಮತ್ತೆ ಭಾಗಿಸುವುದು. 4.88 ಅಥವಾ ಹೆಚ್ಚು ಬಂದರೆ ಟ್ಯೂಬ್ ಹಾಕಬೇಕಾಗುವ ಸಂಭವ ಕಡಿಮೆ. 60 ಪ್ರತಿಶತದಲ್ಲಿ ಸ್ಯಾಚುರೇಷನ್ 92 ಇರುವ ರೋಗಿಯ ನಿಜವಾದ ಉಸಿರು 36 ಆಗಿದ್ದರೆ ಸೂಚ್ಯಂಕ ಸುಮಾರು 4.26, ಅಂದರೆ ಮಂಚ ಬಿಟ್ಟು ಕದಲಬಾರದ ಸ್ಥಿತಿ. ಅದೇ ರೋಗಿಯ ಚಾರ್ಟಿನಲ್ಲಿ 20 ಎಂದಿದ್ದರೆ ಸೂಚ್ಯಂಕ 7.67 ಆಗಿಬಿಡುತ್ತದೆ. ವೈದ್ಯರು ಆ ಸಂಖ್ಯೆಯನ್ನು ನೋಡಿ ನೆಮ್ಮದಿಯಿಂದ ಮುಂದಿನ ಮಂಚಕ್ಕೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇರುವುದಿಲ್ಲ.

ಆಮ್ಲಜನಕದ ಸಲಕರಣೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೀಲವಿರುವ ಮಾಸ್ಕಿಗೆ 10ರಿಂದ 15 ಲೀಟರ್ ಹರಿಯಬೇಕು, ರೋಗಿ ಉಸಿರು ಎಳೆದಾಗಲೂ ಚೀಲ ಪೂರ್ತಿ ಕುಗ್ಗಬಾರದು, ಹಾಕುವ ಮೊದಲು ಚೀಲವನ್ನು ತುಂಬಿಸಿಕೊಳ್ಳಬೇಕು. ಆದರೆ ರೋಗಿಯನ್ನು ಬೇರೆಡೆಗೆ ಕಳಿಸುವಾಗಿನ ಸಿಲಿಂಡರ್ ಲೆಕ್ಕವನ್ನು ಆರೈಕೆ ಯೋಜನೆಯಲ್ಲಿ ಬರೆದವರನ್ನು ನಾನು ತುಂಬಾ ಕಡಿಮೆ ನೋಡಿದ್ದೇನೆ. ಆಂಬುಲೆನ್ಸ್‌ನಲ್ಲಿ ಇಡುವ ಬಿ ಮಾದರಿಯ ಸಿಲಿಂಡರ್ ತುಂಬಿದ್ದಾಗ ಅದರಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಅದು 150 ನಿಮಿಷ ಬರುತ್ತದೆ, 15 ಲೀಟರಿನಂತೆ 100 ನಿಮಿಷ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್; ಹೊಸಕೋಟೆ ದಾಟಿ ಕೆ.ಆರ್. ಪುರದ ಬಳಿ ವಾಹನಗಳ ಸಾಲು ನಿಂತಿದ್ದರೆ, ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗೆ ಕಾಯಬೇಕಾದರೆ, ಎರಡು ಗಂಟೆ ಸಾಲುವುದಿಲ್ಲ. ಮುಳ್ಳು ಅರ್ಧದಲ್ಲಿರುವ ಸಿಲಿಂಡರ್ ಎಂದರೆ ಆಮ್ಲಜನಕವೂ ಅರ್ಧ ಎಂದೇ ಅರ್ಥ. ಪ್ರಯಾಣಕ್ಕೆ ಬೇಕಾಗುವ ಸಮಯದ ಎರಡರಷ್ಟು ಆಮ್ಲಜನಕ, ಜೊತೆಗೆ ಕೈಯಿಂದ ಒತ್ತುವ ಆಂಬು ಬ್ಯಾಗ್, ತಲುಪಬೇಕಾದ ಕಡೆ ಮಾತನಾಡಿದವರ ಹೆಸರು, ಇಷ್ಟಿಲ್ಲದೆ ಯಾರನ್ನೂ ಕಳಿಸಬಾರದೆಂಬ ನಿಯಮವನ್ನು ನಾನು ನನಗೇ ಹಾಕಿಕೊಂಡಿದ್ದೇನೆ.

ವೆಂಟಿಲೇಟರ್ ಹಾಕಿದ ಮೇಲೆ ದಾದಿಗೆ ಮಾಡಲು ಉಳಿಯುವುದು ಯಂತ್ರದ ಅಲಾರಾಂ ಕೇಳುವುದು ಮಾತ್ರ ಎಂಬ ಭಾವನೆ ಕೆಲವರಲ್ಲಿದೆ. ನನ್ನ ಅನುಭವದಲ್ಲಿ ಆಗ ಮೊದಲು ಬೇಕಾಗುವುದು ದರ್ಜಿಗಳ ಬಳಿ ಇರುವ ಅಳತೆಯ ಟೇಪು. 2000ದಲ್ಲಿ ಪ್ರಕಟವಾದ, 861 ರೋಗಿಗಳ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು, ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ 39.8 ಪ್ರತಿಶತ ಸಾವು ಸಂಭವಿಸಿದರೆ, 6 ಮಿಲಿಲೀಟರ್ ಕೊಟ್ಟವರಲ್ಲಿ ಅದು 31 ಪ್ರತಿಶತಕ್ಕೆ ಇಳಿಯಿತೆಂದು ತೋರಿಸಿತು. ಉಳಿದಿರುವ ಸ್ವಲ್ಪ ಒಳ್ಳೆಯ ಗಾಳಿಗೂಡುಗಳಿಗೆ ಹೆಚ್ಚು ಗಾಳಿ ನುಗ್ಗಿಸಿದರೆ ಅವೂ ಹರಿಯುತ್ತವೆ. ಇಲ್ಲಿ ಕಿಲೋ ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ, ಏಕೆಂದರೆ ಮನುಷ್ಯ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಸೆಂಟಿಮೀಟರ್ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, ಗಂಡಸರಿಗೆ 50, ಹೆಂಗಸರಿಗೆ 45.5 ಸೇರಿಸಬೇಕು. ನಮ್ಮ ಹಳ್ಳಿಯ ಹೆಂಗಸರಲ್ಲಿ 150 ಸೆಂಟಿಮೀಟರ್ ಎತ್ತರದವರು ಎಷ್ಟೋ ಮಂದಿ. ಅವರ ಲೆಕ್ಕದ ತೂಕ 43.3 ಕಿಲೋ, ಪ್ರತಿ ಉಸಿರಿಗೆ ಬೇಕಾದದ್ದು ಸುಮಾರು 260 ಮಿಲಿಲೀಟರ್. ಎತ್ತರ ಅಳೆಯದೆ ಅಭ್ಯಾಸಬಲದಿಂದ 450ಕ್ಕೆ ಯಂತ್ರವನ್ನು ಇಟ್ಟರೆ ಅದು ಕಿಲೋಗೆ 10 ಮಿಲಿಲೀಟರ್ ದಾಟುತ್ತದೆ. ಮಲಗಿದ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು, ಆ ಎತ್ತರವನ್ನೂ ಲೆಕ್ಕವನ್ನೂ ದೊಡ್ಡಕ್ಷರದಲ್ಲಿ ಬರೆದು ಮಂಚದ ತಲೆಗೆ ಅಂಟಿಸುವುದು ಎರಡು ನಿಮಿಷದ ಕೆಲಸ. ಆಮೇಲೆ ಗಾಳಿಯ ಪ್ರಮಾಣದ ಪ್ರಶ್ನೆ ಬಂದಾಗಲೆಲ್ಲ ವೈದ್ಯರ ಕಣ್ಣು ಅಲ್ಲಿಗೇ ಹೋಗುತ್ತದೆ.

ಉಳಿದ ಕೆಲಸಗಳಲ್ಲಿ ಮುಖ್ಯವಾದದ್ದು ವೆಂಟಿಲೇಟರ್ ಕೊಳವೆಯನ್ನು ಸುಮ್ಮಸುಮ್ಮನೆ ಬಿಚ್ಚದಿರುವುದು. ಗೂಡುಗಳನ್ನು ತೆರೆದಿಡಲು ಯಂತ್ರ ಕೊಡುವ ಪೀಪ್ ಒತ್ತಡ ಒಂದು ಸಲ ತಪ್ಪಿದರೆ, ಗಂಟೆಗಟ್ಟಲೆ ಕಷ್ಟಪಟ್ಟು ತೆರೆದ ಗೂಡುಗಳು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಎರಡು ಗಂಟೆಗೊಮ್ಮೆ ಸಕ್ಷನ್ ಮಾಡುವುದು (ಕಫ ಹೀರಿ ತೆಗೆಯುವುದು) ಎಂಬ ಹಳೆಯ ಸಾಲನ್ನು ಯೋಜನೆಯಿಂದ ತೆಗೆದುಹಾಕಿ, ಕಫದ ಸದ್ದು ಕೇಳಿಸಿದಾಗ, ಕೊಳವೆಯಲ್ಲಿ ಕಫ ಕಂಡಾಗ, ಒತ್ತಡದ ಅಲಾರಾಂ ಬಂದಾಗ ಮಾತ್ರ, ಮೊದಲು ಆಮ್ಲಜನಕ ಹೆಚ್ಚಿಸಿ, ಹದಿನೈದು ಸೆಕೆಂಡು ಮೀರದಂತೆ, ಸಾಧ್ಯವಾದರೆ ಮುಚ್ಚಿದ ಸಕ್ಷನ್ ಕೊಳವೆಯಿಂದ ಮಾಡುವುದು ಎಂದು ಬರೆಯಬೇಕು. ತಲೆಯ ಕಡೆ ಮಂಚ 30 ಡಿಗ್ರಿಗಿಂತ ಮೇಲಿರಬೇಕು, ಟ್ಯೂಬಿನ ತುದಿಯ ಬಳಿ ಗಾಳಿ ತುಂಬುವ ಪಟ್ಟಿಯ (ಕಫ್) ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು, ಹಲ್ಲುಗಳನ್ನು ಬ್ರಷ್‌ನಿಂದ ಉಜ್ಜಬೇಕು. ಔಷಧ ಕಲಸಿದ ನೀರನ್ನೂ ಸೇರಿಸಿ ಒಳಹೋದ ದ್ರವದ ಲೆಕ್ಕ ಇಡಬೇಕು, ಏಕೆಂದರೆ ಸೋರುವ ಶ್ವಾಸಕೋಶಕ್ಕೆ ಹೆಚ್ಚಿನ ನೀರು ಹೊರೆಯೇ.

ಬೋರಲು ಮಲಗಿಸುವ ಚಿಕಿತ್ಸೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಬಹುಮಟ್ಟಿಗೆ ದಾದಿಯರ ಕೈಯಲ್ಲಿರುವ ಚಿಕಿತ್ಸೆ. ಮನುಷ್ಯನ ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆಗಿದೆ. ಅಂಗಾತ ಮಲಗಿದಾಗ ಹೃದಯದ ಭಾರ, ಹೊಟ್ಟೆಯ ಒತ್ತಡ, ಊದಿದ ಶ್ವಾಸಕೋಶದ ಸ್ವಂತ ಭಾರ ಎಲ್ಲವೂ ಆ ಭಾಗದ ಮೇಲೆ ಬಿದ್ದು ಅದು ಕುಸಿದಿರುತ್ತದೆ. ಕವುಚಿ ಮಲಗಿಸಿದಾಗ ಅದು ತೆರೆದುಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರೊಸೇವಾ ಅಧ್ಯಯನದಲ್ಲಿ 466 ತೀವ್ರ ರೋಗಿಗಳಿದ್ದರು. ಒಂದೊಂದು ಸಲಕ್ಕೆ ಕನಿಷ್ಠ ಹದಿನಾರು ಗಂಟೆ ಬೋರಲು ಮಲಗಿಸಿದ ಗುಂಪಿನಲ್ಲಿ 28 ದಿನಗಳ ಒಳಗಿನ ಸಾವು 16 ಪ್ರತಿಶತ, ಅಂಗಾತ ಇದ್ದವರಲ್ಲಿ 32.8 ಪ್ರತಿಶತ. ಯಾವ ಹೊಸ ಔಷಧವೂ ಇಲ್ಲದೆ, ಯಾವ ಹೊಸ ಯಂತ್ರವೂ ಇಲ್ಲದೆ, ಐದು ಜನರ ಕೈಗಳಿಂದ ಬಂದ ಫಲ ಅದು. ಕೋವಿಡ್ ಕಾಲದಲ್ಲಿ ನಾವು ಇದನ್ನು ಹಗಲೂ ರಾತ್ರಿ ಮಾಡಿದೆವು.

ಒಬ್ಬರು ತಲೆಯ ಬಳಿ ನಿಂತು ಟ್ಯೂಬನ್ನು ಹಿಡಿದುಕೊಳ್ಳಬೇಕು, ತಿರುಗಿಸುವ ಆಜ್ಞೆಯನ್ನು ಅವರೊಬ್ಬರೇ ಕೊಡಬೇಕು. ಎರಡು ಕಡೆ ಇಬ್ಬಿಬ್ಬರು. ಮೊದಲೇ ಆಹಾರದ ನಳಿಕೆಯನ್ನು ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿರಬೇಕು, ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಅಂಟಿಸಿರಬೇಕು, ಟ್ಯೂಬ್ ತುಟಿಯ ಬಳಿ ಎಷ್ಟು ಸೆಂಟಿಮೀಟರ್‌ನಲ್ಲಿದೆ ಎಂದು ಜೋರಾಗಿ ಓದಿ ಬರೆಸಿರಬೇಕು, ತಿರುಗಿಸಿದ ಮೇಲೆ ಅದನ್ನೇ ಮತ್ತೆ ಓದಬೇಕು. ಎದೆಯ ಮೇಲಿನ ಇಸಿಜಿ ಪಟ್ಟಿಗಳನ್ನು ಬೆನ್ನಿಗೆ ಬದಲಾಯಿಸಬೇಕು. ವಿಶೇಷ ದಿಂಬುಗಳಿಲ್ಲದ ಕಡೆ ನಾವು ಎರಡೆರಡು ಬೆಡ್‌ಶೀಟ್ ಸುತ್ತಿ ಎದೆಯ ಮೇಲ್ಭಾಗಕ್ಕೊಂದು, ಸೊಂಟಕ್ಕೊಂದು ಇಟ್ಟು ಹೊಟ್ಟೆಯನ್ನು ಬಿಡುವಾಗಿ ಇಡುತ್ತಿದ್ದೆವು. ಮುಖ ಒಂದು ಕಡೆ, ಆ ಕಡೆಯ ಕೈ ಮೇಲಕ್ಕೆ, ಇನ್ನೊಂದು ಕೈ ಕೆಳಕ್ಕೆ. ಎರಡು ಗಂಟೆಗೊಮ್ಮೆ ಮುಖವನ್ನೂ ಕೈಗಳನ್ನೂ ಬದಲಾಯಿಸಬೇಕು. ಕೆನ್ನೆ, ಗದ್ದ, ಭುಜ, ಹೆಂಗಸರ ಸ್ತನ, ಗಂಡಸರ ಜನನಾಂಗ, ಮೊಣಕಾಲು, ಕಾಲ್ಬೆರಳು, ಇಲ್ಲೆಲ್ಲ ಒತ್ತಡದ ಹುಣ್ಣು ಬರುತ್ತದೆ. ಬದುಕಿ ಮನೆಗೆ ಹೋದ ಯುವತಿಯೊಬ್ಬರ ಕೆನ್ನೆಯಲ್ಲಿ ಉಳಿದ ಕಲೆಯನ್ನು ನೋಡಿದ ಮೇಲೆ, ಎರಡು ಗಂಟೆಯ ಆ ಸಾಲಿನ ಮುಂದೆ ಮಾಡಿದವರ ಸಹಿಯನ್ನು ನಾನು ಕಡ್ಡಾಯ ಮಾಡಿದೆ. ಮನೆಯವರಿಗೂ ಮೊದಲೇ ಹೇಳಬೇಕು. ನಮ್ಮ ಜನರಿಗೆ ಹಿರಿಯರು ಬೋರಲು ಬಿದ್ದಿರುವ ದೃಶ್ಯವೇ ಅಶುಭ. ಗಾಜಿನಾಚೆಯಿಂದ ಏಕಾಏಕಿ ಅದನ್ನು ಕಂಡ ಮಗನೊಬ್ಬ ತಂದೆ ತೀರಿಹೋದರೆಂದು ಕುಸಿದು ಕುಳಿತದ್ದನ್ನು ನಾನು ನೋಡಿದ್ದೇನೆ.

ಮೊದಲು ಹೇಳಿದ ಮುಳಬಾಗಿಲಿನ ರೈತರ ವಿಷಯಕ್ಕೆ ಬರುತ್ತೇನೆ. ಅವರ ಜ್ವರಕ್ಕೆ ಕಾರಣ ಎರಡು ದಿನ ಗೊತ್ತಾಗಲಿಲ್ಲ. ಈ ಭಾಗದಲ್ಲಿ ಎದೆ ಹೀಗೆ ಕೆಡಲು ಹಲವು ದಾರಿಗಳಿವೆ: ನ್ಯುಮೋನಿಯಾ, ಎಚ್1ಎನ್1, ಡೆಂಗಿ, ಕೀಟನಾಶಕ ಸೇವಿಸಿದವರಲ್ಲಿ ಕಫ ಮತ್ತು ವಾಂತಿ ಶ್ವಾಸಕೋಶಕ್ಕೆ ಇಳಿಯುವುದು. ಟೊಮೆಟೊ ಬೆಳೆಯುವ ಊರುಗಳಲ್ಲಿ ಆ ಕೊನೆಯದನ್ನು ಯಾವಾಗಲೂ ನೆನಪಿನಲ್ಲಿಟ್ಟುಕೊಂಡು, ಕೈಗವಸು ಹಾಕಿಕೊಂಡು, ರೋಗಿಯ ಬಟ್ಟೆ ತೆಗೆದು, ಮೈಯನ್ನೂ ಕೂದಲನ್ನೂ ಸೋಪಿನಿಂದ ತೊಳೆಯುವುದು ಯೋಜನೆಯ ಮೊದಲ ಸಾಲಾಗಬೇಕು. ಇವರದು ಅದಾಗಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅದೇ ಹಿರಿಯ ಸಿಸ್ಟರ್ ಅವರಿಗೆ ಮಂಚದಲ್ಲೇ ಮೈ ಒರೆಸುತ್ತಿದ್ದಾಗ, ತೊಡೆಯ ಸಂದಿಯಲ್ಲಿ ಬೀಡಿಯಿಂದ ಸುಟ್ಟಂತೆ ಕಾಣುವ, ಕಪ್ಪು ಹೊಪ್ಪಳೆಯ ಒಂದು ಸಣ್ಣ ಗಾಯ ಕಂಡಿತು. ನೋವಿಲ್ಲದ್ದರಿಂದ ರೋಗಿಯೇ ಅದನ್ನು ಗಮನಿಸಿರಲಿಲ್ಲ. ಅದು ಸ್ಕ್ರಬ್ ಟೈಫಸ್‌ನ ಗುರುತು. ಪೊದೆ ಮತ್ತು ಹುಲ್ಲಿನಲ್ಲಿರುವ ಬಹಳ ಸಣ್ಣ ಚಿಗರ್ ಹುಳುವಿನ ಮರಿ ಕಚ್ಚಿದ ಜಾಗ. ದಕ್ಷಿಣ ಭಾರತದಲ್ಲಿ ಎಆರ್‌ಡಿಎಸ್‌ಗೆ ಕಾರಣವಾಗುವ ಜ್ವರಗಳಲ್ಲಿ ಇದೂ ಒಂದು. ಡಾಕ್ಸಿಸೈಕ್ಲಿನ್ ಶುರುವಾದ ಮೇಲೆ ಜ್ವರ ಇಳಿಯಿತು, ಶ್ವಾಸಕೋಶ ನಿಧಾನವಾಗಿ ತೆರೆಯಿತು. ಕಂಕುಳು, ಸ್ತನಗಳ ಕೆಳಗೆ, ಸೊಂಟದ ದಾರದ ಸುತ್ತ, ತೊಡೆಸಂದಿ, ಕಿವಿಯ ಹಿಂದೆ, ಇಷ್ಟು ಜಾಗಗಳನ್ನು ಕಾರಣ ತಿಳಿಯದ ಜ್ವರದ ಪ್ರತಿ ರೋಗಿಯಲ್ಲೂ ಮೊದಲ ಸ್ನಾನದಲ್ಲೇ ನೋಡುವುದು ಎಂದು ನನ್ನ ವಿದ್ಯಾರ್ಥಿಗಳು ಈಗ ಬರೆಯುತ್ತಾರೆ. ಮೈ ಒರೆಸುವ ಕೆಲಸವನ್ನು ಕೀಳೆಂದು ಆಯಾಗಳಿಗೆ ಬಿಟ್ಟುಕೊಡುವ ಘಟಕಗಳಲ್ಲಿ ಈ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವರು ಇಪ್ಪತ್ತಮೂರನೆಯ ದಿನ ಮನೆಗೆ ಹೊರಟರು. ಆ ಹೊತ್ತಿಗೆ ತೊಡೆಗಳು ಕೃಶವಾಗಿ ಗೋಡೆ ಹಿಡಿದು ನಡೆಯುತ್ತಿದ್ದರು, ರಾತ್ರಿ ಕೆಟ್ಟ ಕನಸುಗಳು ಬೀಳುತ್ತಿದ್ದವು. ವೆಂಟಿಲೇಟರ್‌ನಿಂದ ಬಂದವರಲ್ಲಿ ಇವೆರಡೂ ಸಾಮಾನ್ಯ, ತಿಂಗಳುಗಟ್ಟಲೆ ಇರಬಹುದು ಎಂದು ಆಗ ನಾವು ಯಾರಿಗೂ ಹೇಳುತ್ತಿರಲಿಲ್ಲ. ಬಿಡುಗಡೆಯ ಹಾಳೆಯ ಆರೈಕೆಯ ಭಾಗವನ್ನು ನಾನೇ ಕೇಳಿ ಪಡೆದು ಕನ್ನಡದಲ್ಲಿ ಬರೆದೆ: ದಿನಕ್ಕೆ ಎರಡು ಸಲ ಅಂಗಳದಲ್ಲಿ ನಡೆಯಬೇಕು, ಮಾತನಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಬೇಕು, ಸೌದೆ ಒಲೆಯ ಹೊಗೆಯಿಂದ ದೂರ ಮಲಗಬೇಕು, ಬೀಡಿ ಮುಟ್ಟಬಾರದು, ಹೊಲದಲ್ಲಿ ಬರಿ ಹುಲ್ಲಿನ ಮೇಲೆ ಕೂರಬಾರದು, ಕೆಲಸದಿಂದ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಾಯಿಸಬೇಕು, ಮಲಗಿರುವಾಗ ಉಸಿರು ಇಪ್ಪತ್ತೈದು ದಾಟಿದರೆ ಕಾಯದೆ ಬರಬೇಕು. ಸೊಸೆಗೆ ಗೋಡೆ ಗಡಿಯಾರದ ಮುಂದೆ ಕೂರಿಸಿ ಎಣಿಸುವುದನ್ನು ಕಲಿಸಿದೆ. ಮಾವನ ಎದೆಯ ಮೇಲೆ ಕಣ್ಣಿಟ್ಟು ಆಕೆ ತೆಲುಗಿನಲ್ಲಿ ಒಂದೊಂದಾಗಿ ಎಣಿಸಿ, ಒಂದು ನಿಮಿಷ ಮುಗಿದಾಗ ಹದಿನೆಂಟು ಎಂದರು. ಜೊತೆಗೆ ಎಣಿಸುತ್ತಿದ್ದ ನನಗೂ ಹದಿನೆಂಟೇ ಬಂದಿತ್ತು. ಆಮೇಲೆ ಆಕೆ ಹಾಳೆಯನ್ನು ಪೂರ್ತಿ ಓದಿ, ತೋಟಕ್ಕೆ ಔಷಧ ಹೊಡೆಯುವ ಕೆಲಸ ಇದರಲ್ಲಿಲ್ಲವಲ್ಲ, ಅದನ್ನು ಇವರು ಯಾವಾಗಿನಿಂದ ಮಾಡಬಹುದು ಎಂದು ಕೇಳಿದರು. ನಾನು ಹಾಳೆಯನ್ನು ಹಿಂದಕ್ಕೆ ಪಡೆದು, ವೈದ್ಯರನ್ನು ವಿಚಾರಿಸಿ ಬಂದು, ಈ ಹಂಗಾಮಿನಲ್ಲಿ ಔಷಧದ ಪಂಪನ್ನು ಮನೆಯ ಬೇರೆಯವರು ಹೊರಬೇಕು, ಹೊಡೆಯುವ ದಿನ ಇವರು ತೋಟದ ಕಡೆ ಹೋಗಬಾರದು ಎಂದು ಕೆಳಗೆ ಸೇರಿಸಿ ಸಹಿ ಹಾಕಿ ಕೊಟ್ಟೆ.